ದಪ್ಪ ರೆಕಾರ್ಡು, ತೆಳು ರೆಕಾರ್ಡು

ಧೂಳೊರೆಸುವಾಗ ಮೆರೇಟೆಯ ಕೈಬಟ್ಟೆ ರೆಕಾರ್ಡ್ ಪ್ಲೇಯರಿನ ತೋಳಿಗೆ ಸಿಕ್ಕಿಕೊಂಡಿತು. ಬಿಡಿಸಲು ಹೋದಾಗ ತೋಳನ್ನು ಏರಿಸಿ ಇಳಿಸುವ ಬುಡದ ತಿರುಪು ಒಂದಿಷ್ಟು ತಿರುಗಿತು. ಅಷ್ಟೇ. ಆದರೆ ಸ್ವೆನ್‌ಬೋರ್ಗ್ ಊರಿನ ಆ ಮನೆಯಲ್ಲಿ ಆ ತಿರುಪು ಮುಟ್ಟುವುದೆಂದರೆ ಉಪದೇಶದ ನಡುವೆ ಪಾದ್ರಿಯ ಕೊರಳುಪಟ್ಟಿ ಹಿಡಿದೆಳೆದ ಹಾಗೆ.

ಅವಳ ಗಂಡ ಹೋಲ್ಗರನ ಪ್ರಕಾರ ದಪ್ಪ ರೆಕಾರ್ಡಿಗೆ ತೋಳು ಕೂದಲೆಳೆಯಷ್ಟು ಮೇಲೇರಬೇಕು, ತೆಳು ರೆಕಾರ್ಡಿಗೆ ಅಷ್ಟೇ ಕೆಳಗಿಳಿಯಬೇಕು. ಇಲ್ಲವಾದರೆ ತೋಳಿನ ತುದಿಯ ಮುಳ್ಳು ಓರೆಯಾಗಿ ಕೂತು ಪಿಟೀಲಿನ ದನಿ ಬೆಕ್ಕಿನ ಕೂಗಾಗುತ್ತದಂತೆ. ಟಾರ್ಚು ಹಿಡಿದು ಅವನು ಆ ಮುಳ್ಳನ್ನು ನೋಡುವಷ್ಟು ಹತ್ತಿರದಿಂದ ಹೆಂಡತಿಯ ಮುಖ ನೋಡಿ ಎಷ್ಟೋ ವರ್ಷಗಳಾಗಿದ್ದವು.

ಇವತ್ತು ಸಂಜೆ ಅವನ ಸಂಗೀತ ಕೂಟದ ಗೆಳೆಯರು ಬರುವವರಿದ್ದರು. ದಪ್ಪ ರೆಕಾರ್ಡುಗಳು ಮುಗಿದ ಮೇಲೆ ಮೆರೇಟೆಯದನ್ನು ಹಾಕುವುದಾಗಿ ಹೋಲ್ಗರ್ ಮಾತು ಕೊಟ್ಟಿದ್ದ. ಹರೆಯದಲ್ಲಿ ಅವಳು ಚರ್ಚಿನ ಗಾನವೃಂದದ ಜತೆ ಹಾಡಿದ ರೆಕಾರ್ಡು. ನಡುವೆ ಎರಡು ಸಾಲು ಅವಳೊಬ್ಬಳದೇ ದನಿ. ರೆಕಾರ್ಡು ಹಪ್ಪಳದಷ್ಟು ತೆಳು. ಅದೊಂದಕ್ಕಾಗಿ ತೋಳು ಇಳಿಸುವ ತಾಪತ್ರಯ ಯಾಕೆಂದು ಇಷ್ಟು ದಿನ ಕಪಾಟಿನಲ್ಲೇ ಉಳಿದಿತ್ತು. ತಿರುಪು ಅಲ್ಲಾಡಿದ್ದು ಗೊತ್ತಾದರೆ ಹೋಲ್ಗರ್ ಇಡೀ ಸಂಜೆ ಅದನ್ನೇ ತಿರುವುತ್ತ ಕೂರುತ್ತಾನೆ, ತನ್ನ ಸರದಿ ಮತ್ತೆ ತಪ್ಪುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಮೇಲಿನ ಮನೆಯ ನಿವೃತ್ತ ದಂತವೈದ್ಯ ಓವೆಯನ್ನು ಕರೆತಂದಳು. ಅವನು ಬಾಯೊಳಗೆ ಇಡುವ ಪುಟ್ಟ ಕನ್ನಡಿಯಲ್ಲಿ ಮುಳ್ಳನ್ನು ಪರೀಕ್ಷಿಸಿ, ಅಭ್ಯಾಸಬಲದಿಂದ "ನೋಯಲ್ಲ" ಎಂದು ಹೇಳಿ ತೋಳನ್ನು ಮೇಲೇರಿಸಿದ. ಕಾಫಿಯ ವಾಸನೆ ಹಿಡಿದು ಬಂದ ಕೆಳಮನೆಯ ಬೋದಿಲ್ ಅದು ಅತಿಯಾಯಿತೆಂದು ಕೆಳಗಿಳಿಸಿದಳು.

"ಹಲ್ಲು ಕೀಳೋರಿಗೆ ಹಾಡಿನ ಉಸಾಬರಿ ಯಾಕೆ?" ಎಂದಳು.

"ನೀನು ಚರ್ಚಲ್ಲಿ ಬಾಯಿ ತೆಗೆದ್ರೆ ಗೋಪುರದ ಪಾರಿವಾಳ ಊರು ಬಿಡ್ತಾವೆ. ನೀನು ಸುಮ್ನಿರು."

ಅವನು ಏರಿಸಿದ, ಅವಳು ಇಳಿಸಿದಳು. ಸಂಜೆಗೆಂದು ಬೇಯಿಸಿದ್ದ ದಾಲ್ಚಿನ್ನಿ ಬನ್ನುಗಳನ್ನೆಲ್ಲ ಮುಗಿಸಿದ ಮೇಲೆ ಇಬ್ಬರೂ ಒಮ್ಮತಕ್ಕೆ ಬಂದದ್ದು ಒಂದೇ ವಿಷಯದಲ್ಲಿ: ಮೆರೇಟೆ ಅದನ್ನು ಮುಟ್ಟಬಾರದಿತ್ತು. ಅಷ್ಟರಲ್ಲಿ ಕೆಳಗೆ ಹೋಲ್ಗರನ ಸೈಕಲ್ ಗಂಟೆ ಕೇಳಿತು. ತೋಳು ಎಲ್ಲಿತ್ತೋ ಅಲ್ಲೇ ನಿಂತಿತು.

ಗೆಳೆಯರು ಬಂದರು. ನಿನ್ನೆಯೇ ಹೊಂದಿಸಿಟ್ಟಿದ್ದೇನೆಂಬ ನಂಬಿಕೆಯಲ್ಲಿ ಹೋಲ್ಗರ್ ದಪ್ಪ ರೆಕಾರ್ಡು ಹಾಕಿ ಮುಳ್ಳು ಇಳಿಸಿದ. ಒಬ್ಬ ಕಣ್ಣು ಮುಚ್ಚಿದ. ಇನ್ನೊಬ್ಬ ಕಣ್ಣು ಒರೆಸಿಕೊಂಡ.

"ಹೋಲ್ಗರ್, ಏನಯ್ಯಾ ಮಾಡಿದೀಯ ಇದಕ್ಕೆ? ಇಂಥ ನಾದ ನಾನು ಕೇಳೇ ಇರ್ಲಿಲ್ಲ."

"ವಾರಗಟ್ಟಲೆ ಕೂತು ಹೊಂದಿಸಿದ್ದು," ಎಂದ ಹೋಲ್ಗರ್. "ಕಿವಿ ಬೇಕಪ್ಪ, ಕಿವಿ."

ಮೆರೇಟೆ ಒಳಗೊಳಗೇ ನಕ್ಕು, ತನ್ನ ರೆಕಾರ್ಡಿನ ಹೊದಿಕೆಯನ್ನು ಏಪ್ರನ್ನಿನಲ್ಲಿ ಒರೆಸಿ ಸಿದ್ಧವಾಗಿ ನಿಂತಳು. ಹೋಲ್ಗರ್ ಕೈ ಚಾಚಿದ. ಅವನು ಕೇಳಿದ್ದು ರೆಕಾರ್ಡನ್ನಲ್ಲ, ಅವಳ ನೇಲ್ ಪಾಲಿಶನ್ನು. ತಂದುಕೊಟ್ಟಳು. ಅವನು ತಿರುಪಿನ ಸುತ್ತ ಕೆಂಪಗೆ ಬಳಿದು ಮುದ್ರೆ ಒತ್ತಿದ.

"ಇನ್ನು ಇದನ್ನ ಯಾರೂ ಅಲ್ಲಾಡಿಸೋ ಹಾಗಿಲ್ಲ. ನಾನೂ ಅಷ್ಟೆ." ಆಮೇಲೆ ಅವಳ ಕೈಯಲ್ಲಿದ್ದದ್ದು ಕಂಡಿತು. "ಓ, ಅದಾ? ಅದಕ್ಕೆ ತೋಳು ಇಳಿಸ್ಬೇಕಲ್ಲ ಮಾರಾಯ್ತಿ."

ತಿರುಪು ಅಲ್ಲಾಡಿದ ನಿಜ ಹೇಳಿದರೆ ಮುದ್ರೆ ಒಡೆದು ಬೆಳಗಿನವರೆಗೆ ತಿರುಪು ತಿರುವುತ್ತಾನೆ. ಹೇಳದಿದ್ದರೆ ಎಂದೆಂದಿಗೂ ತಿರುವುವುದಿಲ್ಲ. ಮೆರೇಟೆ ರೆಕಾರ್ಡನ್ನು ಮತ್ತೆ ಕಪಾಟಿನಲ್ಲಿಟ್ಟಳು.

ಗಂಡಸರೆಲ್ಲ ಬಣ್ಣ ಒಣಗಲೆಂದು ಬಗ್ಗಿ ಊದುತ್ತಿದ್ದರು. ಹೋಲ್ಗರ್ ತಿರುಗಿ ನೋಡಿದ.

"ಬಾ, ನೀನೂ ಊದು. ಹಾಡ್ತಿದ್ದೋಳಲ್ವಾ, ನಿಂಗೆ ಉಸಿರು ಚೆನ್ನಾಗಿದೆ."