ಮಾವ ಬಿಟ್ಟ ಜಾಹೀರಾತು

ನಮ್ಮ ಸೋದರಮಾವನಿಗೆ ಸಿಟ್ಟು ಬರುತ್ತದೆ ಎನ್ನುವುದು ತಪ್ಪು. ಅದು ಹೋಗಿದ್ದರೆ ತಾನೆ ಮತ್ತೆ ಬರುವುದಕ್ಕೆ! ಹೊಳೆನರಸೀಪುರದಲ್ಲಿ ಅವರದು ಹತ್ತಿ ಹಾಸಿಗೆಯ ಅಂಗಡಿ. ಅಷ್ಟು ಮೆತ್ತನೆಯ ಮಾಲು ಮಾರುವವರ ಬಾಯಿ ಇಷ್ಟು ಗಡುಸಾಗಿರಬಹುದೇ?

ಈ ವರ್ಷ ಪೇಟೆ ಪೂರ್ತಿ ಮಲಗಿಬಿಟ್ಟಿತು. ಹೊಸ ಮದುವೆಯವರೂ ಹಳೇ ಹಾಸಿಗೆಯಲ್ಲೇ ಸುಧಾರಿಸಿಕೊಂಡರು. ಅಕ್ಕಪಕ್ಕದ ಅಂಗಡಿಯವರು ಕೈಕಟ್ಟಿ ಕೂತರು. ಮಾವ ಕೂರುವ ಆಸಾಮಿಯೇ?

"ಜನ ಬರ್ದೇ ಇದ್ದಾಗ್ಲೇ ಕೂಗ್ಬೇಕು ಕಣವ್ವ! ಅಂಗಡಿ ತುಂಬಿದ್ರೆ ಯಾಕೆ ಕೂಗ್ಬೇಕು?" ಎಂದು ದುಡ್ಡು ಕಟ್ಟಿ ಫೋನಿನಲ್ಲಿ ಜಾಹೀರಾತು ಬಿಟ್ಟರು. ಒಕ್ಕಣೆ ಹೀಗಿತ್ತು: 'ಹತ್ತಿ ಹಾಸಿಗೆ. ಬೇಕಾದವರು ಬನ್ನಿ. ಸುಮ್ಮನೆ ರೇಟು ಕೇಳಬೇಡಿ.' ಇದು ಜಾಹೀರಾತೋ, ಎಚ್ಚರಿಕೆಯ ಫಲಕವೋ?

ಅದರ ಕೆಳಗೆ ಹಾಸನದವರೊಬ್ಬರು, 'ಫೋಮ್ ಹಾಸಿಗೆ ಇದೆಯಾ?' ಎಂದು ಕೇಳಿದರು. ಮಾವ ಬರೆದರು: 'ಅದರ ಮೇಲೆ ಮಲಗಿ ಬೆನ್ನು ಮುರಿದುಕೊಂಡು ಆಮೇಲೆ ಬಾ.'

ಅರಕಲಗೂಡಿನ ಗುರುತಿನ ಮೇಷ್ಟ್ರೊಬ್ಬರು ಲೈಕ್ ಒತ್ತಿದರು. ಮಾವ ಎರಡು ದಿನ ಕಾದರು. ಮೂರನೆಯ ದಿನ ಬಸ್ಸು ಹತ್ತಿ ಅವರ ಮನೆಗೇ ಹೋದರು!

"ಏನ್ ಸಾ, ಇಷ್ಟ ಅಂತ ಒತ್ಬುಟ್ರಿ. ಅಂಗಡಿಗೆ ಬರ್ಲೇ ಇಲ್ವಲ್ಲ?"

"ಕೈ ತಗುಲ್ಬುಡ್ತು ಕಣ್ರೀ."

"ಅಂಗಾದ್ರೆ ತೆಗೀರಿ ಆ ಇಷ್ಟಾನ!"

ತೆಗೆಯುವವರೆಗೂ ಹೊಸಿಲು ಬಿಟ್ಟು ಕದಲಲಿಲ್ಲ.

ಇಷ್ಟಕ್ಕೆಲ್ಲ ನಾನು ನಕ್ಕಿದ್ದೆ. ಆಮೇಲೆ ನನ್ನ ಫೋನು ಬಡಿದುಕೊಳ್ಳತೊಡಗಿತು. ಹಾಸನದ ಕಾಲೇಜಿನಲ್ಲಿ ಪಾಠ ಮಾಡುವವಳು ನಾನು. ಪಾಠದ ನಡುವೆ ಯಾರಿಗೇನಾಯಿತೋ ಎಂದು ಎತ್ತಿದರೆ ಗಂಡಸಿನ ದನಿ: "ಮೇಡಂ, ಇಬ್ರು ಮಲಗ್ಬೋದಾ?"

"ಯಾರ್ರೀ ನೀವು?" ಎಂದು ಚೀರಿದೆ. ಇಡೀ ತರಗತಿ ನನ್ನನ್ನೇ ನೋಡಿತು. ಮಾವ ಜಾಹೀರಾತಿಗೆ ನನ್ನ ನಂಬರು ಹಾಕಿದ್ದರು!

ಕುದಿಯುತ್ತಲೇ ಊರಿಗೆ ಹೋದೆ. ಅಂಗಡಿಯ ಮೆಟ್ಟಿಲಿನಿಂದಲೇ ಕೂಗಿದೆ: "ನನ್ನನ್ನ ಒಂದ್ಮಾತು ಕೇಳ್ಬಾರ್ದಾ ಮಾವ?"

"ನಾನ್ ಎತ್ತುದ್ರೆ ಗಿರಾಕಿ ಓಡೋಯ್ತಾರೆ. ನಿನ್ ದನಿ ನಯ ಕಣವ್ವ."

"ನಯವಂತೆ ನಯ! ಕೊಡಿ ಇಲ್ಲಿ!" ಎಂದು ಜಾಹೀರಾತು ಅಳಿಸಲು ಅವರ ಫೋನು ಕಿತ್ತುಕೊಂಡೆ.

ಅದರಲ್ಲಿ ಹೊಸದೊಂದು ಜಾಹೀರಾತು ಸಿದ್ಧವಾಗಿತ್ತು. ಹಾಸಿಗೆಯ ಚಿತ್ರವಿರಲಿಲ್ಲ; ಅಂಗಡಿಯಲ್ಲಿ ಹಾಸಿಗೆ ಹೊಲಿಯುತ್ತಿದ್ದ ಹೆಂಗಸಿನ ಚಿತ್ರವಿತ್ತು. ವ್ಯಾಪಾರ ನಿಂತ ಮೇಲೆ ಮಾವನೇ ಆಕೆಗೆ ಬರಬೇಡಿ ಎಂದಿದ್ದರು. ಕೆಳಗೆ ಬರೆದಿತ್ತು: 'ಇವರ ಹೊಲಿಗೆ ಬಹಳ ಗಟ್ಟಿ. ನನ್ನ ಹತ್ತಿರ ಈಗ ಕೆಲಸವಿಲ್ಲ. ತಪ್ಪು ಅವರದಲ್ಲ. ದಯವಿಟ್ಟು ಯಾರಾದರೂ ಕೆಲಸ ಕೊಡಿ.'

ದಯವಿಟ್ಟು! ಆ ಮಾತು ಮಾವನಿಗೆ ಗೊತ್ತಿದೆಯೆಂದೇ ನನಗೆ ಗೊತ್ತಿರಲಿಲ್ಲ. ನೋಡಿದರೆ, ಈ ಜಾಹೀರಾತನ್ನು ಹೊಳೆನರಸೀಪುರದವರಿಗೆ ಮಾತ್ರ ಕಾಣುವಂತೆ ಮಾಡಿದ್ದರು.

"ಹಾಸನ, ಚನ್ನರಾಯಪಟ್ಟಣದೋರಿಗೂ ಕಾಣಿಸಿದ್ರೆ ಬೇಗ ಕೆಲಸ ಸಿಗಲ್ವಾ ಮಾವ?" ನನ್ನ ದನಿ ತಾನಾಗಿ ತಗ್ಗಿತ್ತು.

ಮಾವ ಹತ್ತಿಯ ಮೂಟೆಯತ್ತ ಮುಖ ತಿರುಗಿಸಿಕೊಂಡರು.

"ಬ್ಯಾಡ ಕಣವ್ವ. ಆಯಮ್ಮಂಗೆ ಮಂಡಿ ನೋವು. ನಡ್ಕೊಂಡ್ ಓಗೋವಷ್ಟು ದೂರದಲ್ಲೇ ಸಿಕ್ಲಿ."