ಜರ್ಮನಿಯ ತಾಲೂಕು ಲೀಗೂ ನಮ್ಮ ಮಾಮನೂ

ನಮ್ಮ ಮಾಮನಿಗೆ ನಕ್ಷೆಯಲ್ಲಿ ಜರ್ಮನಿ ತೋರಿಸು ಅಂದ್ರೆ ಪೋಲೆಂಡಿನ ಮೇಲೆ ಬೆರಳಿಡ್ತಾನೆ. ತಪ್ಪು ಅಂದ್ರೆ "ಪಕ್ಕದ್ದೇ ಅಲಾ, ನಡ್ಕಂಡು ಹೋದ್ರೆ ಆಯ್ತು" ಅಂತಾನೆ. ಆದ್ರೆ ಅದೇ ಜರ್ಮನಿಯ ಒಂದು ಮೂಲೆಯಲ್ಲಿ, ವಾರವೆಲ್ಲ ನಲ್ಲಿ ರಿಪೇರಿ ಮಾಡಿ, ಬ್ರೆಡ್ ಸುಟ್ಟು, ಭಾನುವಾರ ಮಾತ್ರ ಬೂಟು ಕಟ್ಟೋ ಜನರದ್ದೊಂದು ಫುಟ್ಬಾಲ್ ಲೀಗಿದೆ. ಅದರಲ್ಲಿ ಹನ್ನೊಂದನೇ ಸ್ಥಾನದಲ್ಲಿರೋ ಟೀಮು ಕಳೆದ ವಾರ ಎಷ್ಟು ಗೋಲು ತಿಂತು ಅಂತ ಕೇಳಿ ನೋಡಿ. ಬಾಯಲ್ಲಿ ಕವಳ ಇದ್ರೂ ಉಗಿದು ಬಂದು ಹೇಳ್ತಾನೆ!

ಹಾಗಂತ ಮಾಮ ದೊಡ್ಡ ಆಟಗಾರ ಅಂದ್ಕೋಬೇಡಿ. ಜನ್ಮದಲ್ಲಿ ಒಂದೇ ಸಲ ಚೆಂಡು ಒದ್ದಿದ್ದಾನೆ. ಚೆಂಡು ಅಲ್ಲೇ ಇತ್ತು, ಚಪ್ಪಲಿ ಗೋಲಿಗೆ ಹೋಯ್ತು. ಅವತ್ತೇ ಊರಿನ ಹುಡುಗರು ಸಭೆ ಸೇರಿ ಅವನನ್ನು ಟೀಮಿನ ಕಾರ್ಯದರ್ಶಿ ಮಾಡಿಬಿಟ್ರು. ಆಡೋಕೆ ಬರದವನನ್ನು ಮೈದಾನದಿಂದ ದೂರ ಇಡೋಕೆ ಇದಕ್ಕಿಂತ ಮರ್ಯಾದೆಯ ದಾರಿ ಇದೆಯಾ?

ಊರು ಅಂದೆನಲ್ಲ, ಅದು ಸುರಗಿಬಾಗ. ನನ್ನ ಅಮ್ಮನ, ನಮ್ಮ ಮಾತಲ್ಲಿ ಆಯಿಯ, ತವರು. ಮಾಮ ಅಂದ್ರೆ ಆಯಿಯ ತಮ್ಮ. ಅರ್ಗಾದ ಹತ್ತಿರ, ಗುಡ್ಡಕ್ಕೂ ಸಮುದ್ರಕ್ಕೂ ನಡುವೆ ನಲವತ್ತು ಮನೆ. ಈಗ ಹುಡುಕ್ಕೊಂಡು ಹೋಗಬೇಡಿ, ಇಲ್ಲ. ನೌಕಾನೆಲೆಗೆ ಜಾಗ ಹೋಯ್ತು. ಅರ್ಧ ಮನೆಯವರು ಕಾರವಾರ ಕಡೆಯ ಕಾಲೋನಿಗೆ, ಇನ್ನರ್ಧ ಅಂಕೋಲೆ ಕಡೆಯ ಕಾಲೋನಿಗೆ. ಮನೆಗೆ, ಬಾವಿಗೆ, ತೆಂಗಿನ ಮರಕ್ಕೆಲ್ಲ ಪರಿಹಾರದ ಫಾರ್ಮಿನಲ್ಲಿ ಕಾಲಂ ಇತ್ತು. ಫುಟ್ಬಾಲ್ ಟೀಮಿಗೆ ಇರಲಿಲ್ಲ. ಈ ಕಾಲೋನಿಯಲ್ಲಿ ಆರು ಹುಡುಗರು, ಆ ಕಾಲೋನಿಯಲ್ಲಿ ಏಳು. ಕೂಡಿಸಿ ಆಡ್ಸುವಾ ಅಂದ್ರೆ ನಮ್ಮ ಕಡೆ ಎಲ್ಲ ಟೂರ್ನಮೆಂಟಿಗೂ ಒಂದೇ ನಿಯಮ: ಒಂದು ಊರು, ಒಂದು ಟೀಮು. ಎರಡು ಕಾಲೋನಿ ಅಂದ್ರೆ ಎರಡು ಊರು. ಇಲ್ಲದ ಊರಿನ ಹೆಸರಂತೂ ಬರೆಯೋ ಹಾಗೇ ಇಲ್ಲ. ಟೀಮು ನಿಂತೇ ಹೋಯ್ತು. ಕಾರ್ಯದರ್ಶಿ ಮಾತ್ರ ರಾಜೀನಾಮೆ ಕೊಡಲಿಲ್ಲ! ಸುರಗಿಬಾಗ ಅನ್ನೋ ಹೆಸರಲ್ಲಿ ಹನ್ನೊಂದು ಜನ ಒಂದು ಸಲವಾದ್ರೂ ಮೈದಾನಕ್ಕೆ ಇಳೀಬೇಕು. ಇದೊಂದೇ ಅವನ ಹಠ.

ಇಂಥವನಿಗೆ ಜರ್ಮನಿ ಎಲ್ಲಿಂದ ಗಂಟು ಬಿತ್ತು ಅಂತೀರಾ? ಮಾವಿನ ಹಣ್ಣಿನಿಂದ.

ಎರಡು ಸಾವಿರದ ಇಸವಿ ದಾಟಿದ ಕಾಲ. ಮಾಮ ಕಾರವಾರ ಬಂದರಿನಲ್ಲಿ ಲೆಕ್ಕದ ಗುಮಾಸ್ತ. ಹಡಗಿಗೆ ಎಷ್ಟು ಲಾರಿ ಅದಿರು ಬಿತ್ತು ಅಂತ ಗೀಟು ಹಾಕೋದೇ ಕೆಲಸ. ಒಂದು ಬೇಸಿಗೆಯಲ್ಲಿ ಬಂದ ಹಡಗಿನ ಎಂಜಿನಿಯರು ಜರ್ಮನಿಯ ಮುದುಕ. ಮಾಮ ಅವನಿಗೆ ಅಂಕೋಲೆಯ ಕರಿ ಈಶಾಡು ಒಂದು ಬುಟ್ಟಿ ಕೊಟ್ಟನಂತೆ. ಮುದುಕ ಒಂದು ಹಣ್ಣು ತಿಂದು, ಕೈ ನೆಕ್ಕಿ, ಕಣ್ಣೊರೆಸಿಕೊಂಡು, ಕ್ಯಾಬಿನ್ನಿಗೆ ಓಡಿಹೋಗಿ ತನ್ನ ಹತ್ತಿರ ಇದ್ದ ಅತಿ ಬೆಲೆಬಾಳುವ ವಸ್ತು ತಂದು ಕೊಟ್ಟ. ವಾಚು? ಪೆನ್ನು? ಅಲ್ಲ! ತನ್ನ ಊರಿನ ಕಡೆಯ ಲೀಗಿನ ಐವತ್ತು ವರ್ಷದ ಪಾಯಿಂಟ್ ಪಟ್ಟಿಗಳಿರೋ ಪುಸ್ತಕ. ಪೂರ್ತಿ ಜರ್ಮನ್ ಭಾಷೆ.

"ಇದನ್ನ ಎಂತಾ ಮಾಡ್ತ್ರಿ? ಬಾಂಗಡೆ ಮೀನು ಕಟ್ಲಿಕ್ಕೂ ಆಗೂದಿಲ್ಲ, ಕಾಗದ ದಪ್ಪ ಅದೆ" ಅಂದ್ಲು ಮಾಮಿ.

"ಓದ್ತೆ."

"ಕನ್ನಡ ಪೇಪರೇ ಪೂರ್ತಿ ಓದೂದಿಲ್ಲ, ಜರ್ಮನ್ ಓದ್ತ್ರಂತೆ!"

ಓದಿದ! ಭಾಷೆ ಗೊತ್ತಿಲ್ಲದಿದ್ರೇನು, ಅಂಕಿ ಗೊತ್ತಲ್ಲ. ಹಳೇ ಪಟ್ಟಿಗಳಲ್ಲಿ ಟೀಮಿನ ಹೆಸರಿನ ಮುಂದೆ 44:16 ಅಂತ ಏನೋ ಇತ್ತು. ಮೊದಲು ಅದನ್ನ ಗಡಿಯಾರದ ಟೈಮು ಅಂದ್ಕೊಂಡ. ದಿನಕ್ಕೆ ನಲವತ್ನಾಲ್ಕು ಗಂಟೆ ಎಲ್ಲಿಂದ ಬರ್ತದೆ ಅಂತ ಒಂದು ಮಳೆಗಾಲ ಪೂರ್ತಿ ತಲೆ ಕೆರ್ಕೊಂಡ. ದೀಪಾವಳಿ ಹೊತ್ತಿಗೆ ಒಂದು ದಿನ ಊಟಕ್ಕೆ ಕೂತವ ಅರ್ಧಕ್ಕೆ ಎದ್ದ. "ಎರಡೂ ಕೂಡ್ಸಿದ್ರೆ ಎಲ್ಲರದ್ದೂ ಅರವತ್ತೇ ಬತ್ತದೆ!" ಮೂವತ್ತು ಆಟ, ಆಟಕ್ಕೆ ಎರಡು ಪಾಯಿಂಟು. ಎಡಗಡೆ ಗಳಿಸಿದ್ದು, ಬಲಗಡೆ ಕಳಕೊಂಡದ್ದು. "ನೋಡು ತಂಗಿ," ಅಂದ ನನಗೆ. ನಮ್ಮ ಕಡೆ ಅಕ್ಕನ ಮಗಳನ್ನೂ ತಂಗಿ ಅಂತಲೇ ಕರೆಯೋದು. "ಕಳಕೊಂಡದ್ದನ್ನೂ ಬರ್ದಿಡ್ತಾರೆ ಇವ್ರು. ಎಂಥಾ ಜನ!" ಆಮೇಲೆ ಒಂದು ಪುಟದಿಂದ ಲೆಕ್ಕ ಮತ್ತೆ ತಪ್ಪಿತು. ಗೆದ್ದವನಿಗೆ ಎರಡರ ಬದಲು ಮೂರು ಪಾಯಿಂಟು ಕೊಡೋಕೆ ಶುರು ಮಾಡಿದ್ರಂತೆ. ಅದು ಪತ್ತೆಯಾಗೋಕೆ ಇನ್ನೊಂದು ಮಳೆಗಾಲ.

ಲೀಗಿನ ರಚನೆಯನ್ನ ಅವನು ಕ್ಯಾಲೆಂಡರಿನ ಬೆನ್ನ ಮೇಲೆ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿದ. ಮೇಲೆ ಇಡೀ ದೇಶಕ್ಕೆ ಒಂದು ಲೀಗು. ಅದರ ಕೆಳಗೆ ಇನ್ನೊಂದು. ಆಮೇಲೆ ಕವಲೊಡೆದು ಪ್ರಾಂತ್ಯದ್ದು, ಜಿಲ್ಲೆಯದ್ದು, ಕೊನೆಗೆ ಕ್ರೈಸ್‌ಲೀಗಾ. ಮಾಮನ ಅನುವಾದದಲ್ಲಿ ತಾಲೂಕು ಲೀಗು. ಮುದುಕನ ಲೀಗು ಏಳನೇ ಮೆಟ್ಟಿಲಿನಲ್ಲಿತ್ತು. ಪಟ್ಟಿಯಲ್ಲಿ ಮೇಲಿದ್ದವರು ಮುಂದಿನ ವರ್ಷ ಒಂದು ಮೆಟ್ಟಿಲು ಹತ್ತೋದು, ಕೆಳಗಿದ್ದವರು ಒಂದು ಮೆಟ್ಟಿಲು ಇಳಿಯೋದು.

"ನಮ್ಮಲ್ಲಾದ್ರೆ ಒಂದು ಆಟ ಸೋತ್ರೆ ಟೆಂಪೋ ಹತ್ತಿ ಮನೆಗೆ" ಅಂದ ಮಾಮ. "ಅಲ್ಲಿ ಹಂಗಲ್ಲ. ಸೋತ್ರೆ ಕೆಳಗಿನ ಲೀಗು. ಅಲ್ಲೂ ಸೋತ್ರೆ ಅದ್ರ ಕೆಳಗೆ. ಮುಂದಿನ ಭಾನುವಾರ ಮತ್ತೆ ಆಟ ಇದ್ದೇ ಅದೆ!"

ಈ ಹುಚ್ಚು ಬಾಗಿಲಿನಲ್ಲೇ ನಿಂತಿದ್ರೆ ಸರಿ ಇತ್ತು. ಒಳಗೆ ಬಂತು. ಮಾಮಿಯ ಅಡುಗೆಗೂ ಲೀಗು ಮಾಡಿದ. ಮೊದಲ ಲೀಗಿನಲ್ಲಿ ದುಬಾರಿ ಮೀನು ಇಸವಾಣ, ಪಾಂಪ್ಲೆಟ್. ಎರಡನೆಯದರಲ್ಲಿ ಅಗ್ಗದ ಬಾಂಗಡೆ, ತಾರ್ಲೆ. ತಿಂಗಳ ಕೊನೆಗೆ ಬಡ್ತಿ, ಹಿಂಬಡ್ತಿ. ಬಸಳೆ ಸೊಪ್ಪಿನ ಸಾರನ್ನ ಸತತ ಮೂರು ಸಲ ಕೆಳಗಿಳಿಸಿದಾಗ ಮಾಮಿ ಸೌಟು ಹಿಡ್ಕೊಂಡೇ ಹೊರಗೆ ಬಂದ್ಲು.

"ನಿಮ್ಮನ್ನೂ ಇಳಿಸ್ತೆ ನೋಡಿ. ನಾಳೆಯಿಂದ ನಿಮ್ಮ ಊಟ ಜಗಲಿ ಲೀಗಿನಲ್ಲಿ!"

ಮಾಮ ಎರಡು ದಿನ ಜಗಲಿಯಲ್ಲೇ ಉಂಡ. ಮೂರನೇ ದಿನ ಬಸಳೆಗೆ ಬಡ್ತಿ ಸಿಕ್ಕಿ ಸೀದಾ ಮೊದಲ ಲೀಗಿಗೆ ಹೋಯ್ತು. ಜರ್ಮನಿಯಲ್ಲೂ ಇಂಥಾ ಪವಾಡ ಆಗಿರಲಿಕ್ಕಿಲ್ಲ.

ಅಷ್ಟರಲ್ಲಿ ಕಾರವಾರದಲ್ಲಿ ಸೈಬರ್ ಅಂಗಡಿಗಳು ಶುರುವಾಗಿದ್ವು. ಪ್ರತಿ ಸೋಮವಾರ ಬೆಳಿಗ್ಗೆ ಡ್ಯೂಟಿಗೆ ಮುಂಚೆ ಮಾಮ ಅಲ್ಲಿ ಹಾಜರು. ಅಂಗಡಿಯವನು ಮೊದಲು ಇವನನ್ನ ಗೂಢಚಾರ ಅಂದ್ಕೊಂಡಿದ್ದ. ಅಲ್ಲವಾ ಮತ್ತೆ? ಪಕ್ಕದಲ್ಲಿ ನೌಕಾನೆಲೆ, ಎದುರಿಗೆ ಬರೀ ಅಂಕಿ ಬರ್ಕೊಳ್ಳೋ ಮನುಷ್ಯ!

ಒಂದು ವರ್ಷ ಮಾಮ ಸೈಬರಿನಿಂದ ಮುಖ ಬಾಡಿಸ್ಕೊಂಡು ಬಂದ. ಮಧ್ಯಾಹ್ನದ ಊಟವೂ ಬೇಡ ಅಂದ. ನಾವೆಲ್ಲ ಯಾರೋ ಹೋಗಿಬಿಟ್ರು ಅಂತ ಹೆದರಿದ್ವಿ. ಆಗಿದ್ದೇನು ಅಂದ್ರೆ ಜರ್ಮನಿಯವರು ಮೇಲೆ ಮೂರನೇ ಮೆಟ್ಟಿಲಿಗೆ ಹೊಸದೊಂದು ಲೀಗು ತುರುಕಿದ್ರು. ಕೆಳಗಿದ್ದವರೆಲ್ಲ ಒಂದೊಂದು ಮೆಟ್ಟಿಲು ಇಳಿದ್ರು. ಮುದುಕನ ಲೀಗು ಏಳರಿಂದ ಎಂಟಕ್ಕೆ ಬಿತ್ತು.

"ಒಂದೇ ಒಂದು ಆಟ ಸೋಲದೆ ಕೆಳಗೆ ಹೋದ್ರಲಾ!" ಅಂದ ಮಾಮ. "ಮೇಲಿನವ್ರು ಹೊಸಾ ಮನೆ ಕಟ್ಕಂಡ್ರೆ ಇವ್ರು ಯಾಕೆ ಜಾಗ ಬಿಡ್ಬೇಕು?" ಇದೇ ಮೊದಲಲ್ಲವಂತೆ. ಹಿಂದೆ ದೇಶ ಎರಡಾಗಿದ್ದಾಗ ಈ ಲೀಗು ಮೂರನೇ ಮೆಟ್ಟಿಲಿನಲ್ಲಿತ್ತು. ನಡುವಿನ ಗೋಡೆ ಬಿದ್ದು ಎರಡೂ ಕಡೆಯ ಲೀಗು ಒಂದಾದಾಗ ಇವರು ಕೆಳಗೆ, ಇನ್ನೂ ಕೆಳಗೆ ಸರೀತಾ ಹೋದ್ರು. "ಆದ್ರೂ ಭಾನುವಾರ ಬಂತು ಅಂದ್ರೆ ಬೂಟು ಕಟ್ತಾರೆ, ತಂಗಿ."

ನಾನು ನಗಲಿಲ್ಲ. ಯಾಕೋ ನಗೋಕಾಗಲಿಲ್ಲ.

ಆ ವರ್ಷದ ಪಟ್ಟಿಯಿಂದ ಅವನ ತಲೆಯೊಳಗೆ ಇನ್ನೊಂದು ಹುಳ ಹೊಕ್ಕಿತು. ಒಂಬತ್ತನೇ ಸ್ಥಾನದ ಟೀಮಿಗೆ ಎರಡು ಊರಿನ ಹೆಸರು, ನಡುವೆ ಓರೆ ಗೀಟು. ಹಳೇ ಪುಸ್ತಕದಲ್ಲಿ ಅವೆರಡೂ ಬೇರೆ ಬೇರೆ ಟೀಮು. ಹಾಗಾದ್ರೆ ಈ ಗೀಟು ಎಂತದು? ನಾನು ಕಾರವಾರದಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದೆ ನೋಡಿ, ನನ್ನ ಹತ್ತಿರ ಇಮೇಲ್ ಬರೆಸಿದ. ಆ ಲೀಗಿನ ಪಟ್ಟಿ ಬರೆಯೋ ಮನುಷ್ಯನಿಗೆ. "ಮಾನ್ಯರೇ, ಗೀಟು ಯಾಕೆ?" ಇಷ್ಟೇ! ಉತ್ತರ ಬಂದ್ರೆ ನಾನು ಹೆಸರು ಬದಲಾಯಿಸ್ಕೊಳ್ತೇನೆ ಅಂದೆ.

ಒಂಬತ್ತೇ ದಿನಕ್ಕೆ ಉತ್ತರ ಬಂತು. ಹರಕು ಮುರುಕು ಇಂಗ್ಲಿಷು. ಬರೆದವನು ಅಲ್ಲಿನ ನಿವೃತ್ತ ಅಂಚೆಯವನಂತೆ. ಎರಡು ಊರಿನಲ್ಲಿ ಬೇರೆ ಬೇರೆಯಾಗಿ ಹನ್ನೊಂದು ಜನ ಆಗದಿದ್ರೆ ಕೂಡಿ ಆಡ್ತಾರೆ, ಎರಡೂ ಹೆಸರು ಉಳಿಸ್ಕೊಳ್ತಾರೆ, ಅದಕ್ಕೇ ಗೀಟು ಅಂತ ಬರೆದಿದ್ದ. ಕೊನೆಗೊಂದು ಸಾಲು: ಗೀಟಿನ ಎಡಗಡೆಯ ಊರು ಈಗಿಲ್ಲ, ಕಲ್ಲಿದ್ದಲು ಅಗೀಲಿಕ್ಕೆ ಊರನ್ನೇ ಎಬ್ಬಿಸಿದ್ರು, ಜನ ಬೇರೆ ಕಡೆ ಹೋದ್ರು, ಟೀಮು ಹಳೇ ಹೆಸರಲ್ಲೇ ಆಡ್ತದೆ.

ಮಾಮ ಅದನ್ನ ನನ್ನ ಹತ್ತಿರ ಮೂರು ಸಲ ಓದಿಸಿದ. ಆಮೇಲೆ ಪತ್ರದ ಜೊತೆ ಆ ಪಾಯಿಂಟ್ ಪಟ್ಟಿಯನ್ನೂ ಪ್ರಿಂಟ್ ತೆಗೆಸಿ, ಮಡಚಿ ಜೇಬಿಗಿಟ್ಟು, "ನಡಿ" ಅಂದ. ಎಲ್ಲಿಗೆ ಅಂತ ಕೇಳಿದ್ರೆ ಅಂಕೋಲೆಗೆ ಅಂದ. ಅಲ್ಲಿ ಊರೂರಿನ ಫುಟ್ಬಾಲ್ ಟೂರ್ನಮೆಂಟಿಗೆ ಹೆಸರು ಕೊಡೋ ಕೊನೇ ದಿನ ಅವತ್ತು.

ಕಮಿಟಿಯ ಮುಖ್ಯಸ್ಥರು ನಿವೃತ್ತ ಪಿ.ಟಿ. ಮಾಸ್ತರು. ಸೀಟಿ ಇನ್ನೂ ಕುತ್ತಿಗೆಯಲ್ಲೇ ಇತ್ತು. ಮಾಮ ಫಾರ್ಮು ಕೊಟ್ಟ. ಮಾಸ್ತರು ಓದಿ ತಲೆ ಎತ್ತಿದ್ರು.

"ಸುರಗಿಬಾಗ? ಎಲ್ಲದೆ ಮಾರಾಯಾ ಆ ಊರು?"

"ಇಲ್ಲ."

"ಇಲ್ದಿದ್ದ ಊರಿಂದ ಟೀಮು ಹೆಂಗೆ ಬತ್ತದೆ?"

"ಟೆಂಪೋದಲ್ಲಿ."

ಮಾಸ್ತರರ ಮೀಸೆ ಅಲುಗಿತು. "ತಮಾಷೆ ಬೇಡ. ಕಾಲೋನಿ ಬಾಯ್ಸ್ ಅಂತ ಬರಿ, ಒಂದು ಕಾಲೋನಿ ಹುಡುಗರನ್ನ ತಾ, ಹಾಕ್ಕಳ್ತೆ."

"ಹುಡುಗರು ಎರಡೂ ಕಾಲೋನಿಯವ್ರು. ಹೆಸರು ಮಾತ್ರ ಸುರಗಿಬಾಗವೇ. ಇದ್ಕೆ ಕಾಯ್ದೆ ಅದೆ, ಮಾಸ್ತರೇ." ಮಾಮ ಜೇಬಿನಿಂದ ಕಾಗದ ತೆಗೆದ. ನಾನು ಕುರ್ಚಿಯ ಹಿಂದೆ ಮುಖ ಮುಚ್ಚಿಕೊಂಡೆ.

"ಜರ್ಮನಿ ಕಾಯ್ದೆ ಅಂಕೋಲೆಯಲ್ಲಿ ನಡೀತದನಾ?" ಅಂದ್ರು ಮಾಸ್ತರು. ಆದ್ರೂ ಕಾಗದ ತಗೊಂಡ್ರು. ಪತ್ರ ಓದಿದ್ರು. ಅದರ ಹಿಂದಿನ ಪಾಯಿಂಟ್ ಪಟ್ಟಿ ನೋಡಿದ್ರು. ಕನ್ನಡಕ ಹಾಕ್ಕೊಂಡು ಮತ್ತೆ ನೋಡಿದ್ರು. "ಈ ಗೀಟಿನವ್ರಾ? ಇವ್ರ ಊರು ಎಲ್ಲದೆ?"

"ಹೊಂಡದಲ್ಲಿ."

"ಟೀಮು?"

"ಒಂಬತ್ತನೇ ಸ್ಥಾನದಲ್ಲಿ."

ಮಾಸ್ತರು ಪಟ್ಟಿಯ ಮೇಲೆ ಬೆರಳಿಟ್ಟು, "ಐವತ್ತೆಂಟು ಗೋಲು ತಿಂದೂ ಒಂಬತ್ತನೇದಾ! ಡಿಫೆನ್ಸ್ ಪೂರಾ ಖಾಲಿ ಅದೆ ಇವ್ರದ್ದು" ಅಂತ ಗೊಣಗುತ್ತಾ ನಮ್ಮ ಫಾರ್ಮಿನ ಮೇಲೆ ಸೀಲು ಹೊಡೆದ್ರು.

ಜರ್ಮನಿ ಕಾಯ್ದೆ ಗೆದ್ದಿತು ಅಂತ ಮಾಮ ಇವತ್ತಿಗೂ ನಂಬಿದ್ದಾನೆ. ಸತ್ಯ ನಾನು ಹೇಳ್ತೇನೆ. ಅವತ್ತಿನ ತನಕ ಹದಿನೈದು ಟೀಮು ಬಂದಿದ್ವು. ಜೋಡಿ ಹಾಕೋಕೆ ಹದಿನಾರನೇದೊಂದು ಬೇಕಿತ್ತು, ಅಷ್ಟೇ! ನಾನು ಅವನಿಗೆ ಹೇಳಿಲ್ಲ. ನೀವೂ ಹೇಳಬೇಡಿ.

ಆಟದ ದಿನ ಎರಡೂ ಕಾಲೋನಿಯಿಂದ ಟೆಂಪೋ ತುಂಬಿ ಬಂದ್ರು. ಆಟಗಾರರು ಹದಿಮೂರು, ನೋಡೋ ಹೆಂಗಸರು ಐವತ್ತು. ಊರು ಬಿಟ್ಟ ಮೇಲೆ ಒಬ್ಬರನ್ನೊಬ್ಬರು ನೋಡದ ನೆರೆಕರೆಯವರು. ಆಟ ಶುರುವಾದ್ರೂ "ನಿನ್ನ ಸೊಸೆ ಹೆತ್ಲನೇ?" ಮುಗೀಲಿಲ್ಲ. ನನ್ನ ಆಯಿ ಚಾಪೆ ಹಾಸಿ ಎಲ್ಲರ ನಡುವೆ ಕೂತಿದ್ಲು. ಬೆಲೆಕೇರಿಯ ಟೀಮು ಎದುರಿಗೆ. ನಮ್ಮ ಹುಡುಗರು ಒಟ್ಟಿಗೆ ಆಡಿದ್ದೇ ಇಲ್ಲ, ಒಬ್ಬ ಪಾಸು ಕೊಟ್ರೆ ಇನ್ನೊಬ್ಬ ದಾರಿ ಬಿಡ್ತಿದ್ದ. ಐದನೇ ನಿಮಿಷಕ್ಕೇ ಗೋಲು ಬಿತ್ತು.

ಮಾಮ ಚಪ್ಪಾಳೆ ತಟ್ಟಿದ!

"ಮಾಮಾ, ಗೋಲು ನಮಗೇ ಬಿದ್ದಿದ್ದು!" ಅಂದೆ. ಕೇಳಿಸ್ಕೊಳ್ಳಲೇ ಇಲ್ಲ. ಎರಡನೇ ಗೋಲಿಗೂ ಚಪ್ಪಾಳೆ. ಪಕ್ಕದವರು ಹಲ್ಲು ಕಿರಿಯೋಕೆ ಶುರು ಮಾಡಿದ್ರು. ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸ್ತು. ಕೊನೆಗೂ ಇವನ ತಲೆ ಪೂರಾ ಕೆಟ್ಟಿತು, ಮಾಮಿಗೆ ಏನು ಹೇಳಲಿ ಅಂತ ಯೋಚಿಸ್ತಿರೋವಾಗ ಮೂರನೇ ಗೋಲು ಬಿತ್ತು. ಕಂಬಕ್ಕೆ ಕಟ್ಟಿದ ಮೈಕಿನಲ್ಲಿ ಮಾಸ್ತರರ ದನಿ, ಹೈವೇ ದಾಟಿ ಪೇಟೆ ತನಕ ಕೇಳೋ ಹಾಗೆ: "ಸುರಗಿಬಾಗ ತಂಡದ ವಿರುದ್ಧ ಮೂರನೇ ಗೋಲ್! ಸುರಗಿಬಾಗ, ಸೊನ್ನೆ!"

ಚಾಪೆಯ ಮೇಲಿನ ಹೆಂಗಸರ ಮಾತು ಒಮ್ಮೆಲೇ ನಿಂತುಬಿಟ್ಟಿತ್ತು. ಎಲ್ಲರೂ ಮೈಕಿನ ಕಡೆ ನೋಡ್ತಿದ್ರು. ಆಯಿ ನನ್ನ ಸೆರಗು ಎಳೆದು ಮೆಲ್ಲಗೆ ಕೇಳಿದ್ಲು:

"ಊರ ಹೆಸರು ಇನ್ನೊಮ್ಮೆ ಹೇಳ್ತಾರನೇ?"

"ಇನ್ನೊಂದು ಗೋಲು ಬಿದ್ರೆ ಹೇಳ್ತಾರೆ ಆಯಿ" ಅಂದೆ.

ನಾಲ್ಕನೆಯದು ಬಿತ್ತು. ಐದನೆಯದು ಬಿತ್ತು. ಬೆಲೆಕೇರಿಯ ಹುಡುಗ ಮತ್ತೆ ಚೆಂಡು ತಗೊಂಡು ನಮ್ಮ ಗೋಲಿನ ಕಡೆ ಓಡಿ ಬರ್ತಿದ್ದ. ಸತ್ಯ ಹೇಳ್ತೇನೆ, ಅಷ್ಟು ಹೊತ್ತಿಗೆ ನಾನೂ ಚಪ್ಪಾಳೆಗೆ ಕೈ ಜೋಡಿಸ್ಕೊಂಡು ಕಾಯ್ತಾ ಇದ್ದೆ.