ಹೊಳೆ ದಾಟದ ಹಾಡು

ನಮ್ಮ ಚಾಚಾನ ಹತ್ತಿರ ಕುಬುಸ ಹೊಲಿಸಬೇಕೆಂದರೆ ಬಟ್ಟೆ ಗೇಣು ಕಡಿಮೆ ಬಿದ್ದರೂ ನಡೆದೀತು, ಹಾಡು ಮಾತ್ರ ಕಡಿಮೆ ಬೀಳುವಂತಿಲ್ಲ! ಅಫಜಲಪುರದ ಬಜಾರಿನಲ್ಲಿ ಅವರದು ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ. ಕೊರಳಲ್ಲಿ ಟೇಪು, ಕಿವಿಯ ಸಂದಿಯಲ್ಲಿ ಚಾಕ್‌ಪೀಸು, ಮುಖದ ಮೇಲೆ ನಿಂಬೆಹಣ್ಣು ನಿಲ್ಲಿಸಬಹುದಾದಂಥ ಮೀಸೆ. ಬಟ್ಟೆ ತಂದವಳಿಗೆ ಅವರು ಮೊದಲು ಕೇಳುವುದು ಅಳತೆಯನ್ನಲ್ಲ. ನಿಮ್ಮೂರಲ್ಲಿ ಬೀಸುವಾಗ ಯಾವ ಪದ ಹೇಳುತ್ತಿದ್ದರು ಎಂದು. ಹಾಡಿದವಳ ಕುಬುಸ ಮರುದಿನವೇ ತಯಾರು. ಹಾಡು ಬರದವಳಿಗೆ, "ಮುಂದಿನ ಸಂತೀಗಿ ಬಾರವ್ವ." ಹೀಗಾಗಿ ಜಾಣ ಸೊಸೆಯರು ಬಟ್ಟೆಯ ಜೊತೆಗೆ ಅತ್ತೆಯನ್ನೂ ಕರೆತರುತ್ತಾರೆ. ಅತ್ತೆ ಹಾಡುತ್ತಾಳೆ, ಚಾಚಾ ಹೊಲಿಯುತ್ತಾರೆ. ಅತ್ತೆಯನ್ನು ಸೊಸೆ ಕೈಹಿಡಿದು ಬಜಾರಿಗೆ ಕರೆತರುವ ದೃಶ್ಯವನ್ನು ನೀವು ಬೇರೆ ಯಾವ ತಾಲೂಕಿನಲ್ಲಾದರೂ ಕಂಡಿದ್ದೀರಾ?

ಇದಕ್ಕೆಲ್ಲ ಕಾರಣ ನಮ್ಮ ದಾದಿ, ಅಂದರೆ ಅಪ್ಪನ ತಾಯಿ. ದಾದಿಗೆ ಹೆಣ್ಣುಮಕ್ಕಳಿರಲಿಲ್ಲ. ಬೆಳಗಿನ ಜಾವ ಬೀಸುಕಲ್ಲಿನ ಎದುರು ಕೂರಲು ಯಾರಾದರೂ ಬೇಕಲ್ಲ? ದೊಡ್ಡ ಮಗ, ಅಂದರೆ ನನ್ನ ಅಪ್ಪ, ಓಟದಲ್ಲಿ ಚುರುಕು. ಕಲ್ಲಿನ ಸದ್ದು ಕೇಳಿದರೆ ಹೊಲ ಸೇರುತ್ತಿದ್ದರು. ಸಿಕ್ಕಿಬಿದ್ದವರು ಸಣ್ಣ ಮಗ. ಗೂಟಕ್ಕೆ ಕೈ ಹಚ್ಚಿದವರು ಹಾಡಿಗೂ ದನಿಗೂಡಿಸಿದರು. ಬೀಸುವ ಪದ, ಸೋಬಾನ ಪದ, ತೊಟ್ಟಿಲ ಪದ ಎಲ್ಲ ಅವರ ಹೊಟ್ಟೆ ಸೇರಿದವು. ಮೀಸೆ ಆಮೇಲೆ ಬಂತು, ಅಷ್ಟರಲ್ಲಿ ಹಾಡು ಒಳಗೆ ಕೂತಾಗಿತ್ತು.

ಒಮ್ಮೆ ಮಾದನಹಿಪ್ಪರಗಾದ ಒಂದು ಮದುವೆಗೆ ಚಾಚಾನಿಗೆ ಖಾಸ್ ಬುಲಾವು ಬಂತು. ಹೆಣ್ಣು ಒಪ್ಪಿಸುವ ಪದ ಈಗಿನ ಹುಡುಗಿಯರಿಗೆ ಬರುವುದಿಲ್ಲ, ಬರುತ್ತಿದ್ದ ಮುದುಕಿಗೆ ಹಲ್ಲಿಲ್ಲ. ಚಾಚಾ ಹೋಗಿ ಹೆಂಗಸರ ಗುಂಪಿನ ನಡುವೆ ಚಕ್ಕಳಮಕ್ಕಳ ಹಾಕಿ ಕೂತರು. ನಾನು ಗಂಡಸರ ಸಾಲಿನಲ್ಲಿ ಅವರಿಗೂ ನನಗೂ ಸಂಬಂಧವೇ ಇಲ್ಲದವನಂತೆ ಮೇಲಿನ ಪಂಖ ನೋಡುತ್ತ ಕೂತೆ. ಆಗ ಕೇಳಿತು ನೋಡಿ ಆ ದನಿ! ಹುಡುಗಿಯ ತಾಯಿ ಅತ್ತಳು, ಚಿಕ್ಕಮ್ಮ ಅತ್ತಳು, ಅಡಿಗೆಯವನು ಸೌಟು ಹಿಡಿದುಕೊಂಡೇ ಬಂದು ಅತ್ತ. ಕೊನೆಗೆ ಮದುಮಗನೇ ಬಿಕ್ಕಳಿಸತೊಡಗಿದ. ಹುಡುಗಿಯ ಅಜ್ಜಿ ಅವನ ಬೆನ್ನು ಸವರಿ, "ಅಳಬ್ಯಾಡಪ್ಪ, ನೀ ನಿಮ್ಮ ಮನೀಗೇ ಹೋಗಾಂವ ಇದ್ದಿ" ಎಂದು ಸಮಾಧಾನ ಹೇಳಬೇಕಾಯಿತು.

ಇನ್ನು ಇದನ್ನೆಲ್ಲ ಹೇಳುತ್ತಿರುವ ಈ ಮಹಾನುಭಾವ ಯಾರು? ನಾನು ಆಳಂದದಲ್ಲಿ ಒಬ್ಬ ಕನ್ನಡ ಮಾಸ್ತರ. ಚಾಚಾನ ಜೊತೆ ಊರೂರು ತಿರುಗಿ ಹಾಡು ಕೂಡಿಹಾಕತೊಡಗಿದ ಮೇಲೆ ನನಗೆ ನಾನೇ 'ಜಾನಪದ ಸಂಶೋಧಕ' ಎಂಬ ಬಿರುದು ಕೊಟ್ಟುಕೊಂಡು ಕಾರ್ಡು ಕೂಡ ಅಚ್ಚು ಹಾಕಿಸಿದೆ. ಬೇರೆ ಯಾರೂ ಕೊಡುವ ಲಕ್ಷಣ ಕಾಣದಿದ್ದಾಗ ಮನುಷ್ಯ ಮತ್ತೇನು ಮಾಡಬೇಕು? ಮೈಕು ಕೊಂಡೆ, ಮೈಕಿಗೊಂದು ತುಪ್ಪಳದ ಟೋಪಿ ಕೊಂಡೆ. ಮೊದಲ ಹಳ್ಳಿಯಲ್ಲಿ ಒಬ್ಬ ಅಜ್ಜಿ ಸೊಗಸಾಗಿ ಹಾಡಿದಳು. ಮನೆಗೆ ಬಂದು ಹೆಂಡತಿ ಮಕ್ಕಳನ್ನು ಕೂರಿಸಿ ಕೇಳಿಸಿದರೆ, ಅದರ ತುಂಬ ನನ್ನದೇ ದನಿ! ಜಾನಪದ ಎಂದರೇನು, ಅದನ್ನು ಯಾಕೆ ಉಳಿಸಬೇಕು ಎಂದು ನಾನು ಅಜ್ಜಿಗೆ ವಿವರಿಸಿದ್ದೇ ವಿವರಿಸಿದ್ದು. ಅಜ್ಜಿಯ ಪಾಲಿಗೆ ಸಿಕ್ಕಿದ್ದು ಕೊನೆಯ ಒಂದು ನುಡಿ, ಅದರಲ್ಲೂ ನಡುವೆ ನನ್ನ "ವಾವ್ವಾ". ಅಜ್ಜಿ ಬಹಳ ತಾಳ್ಮೆಯವಳು ಎಂದಳು ನನ್ನ ಹೆಂಡತಿ. ಅಂದಿನಿಂದ ನನ್ನ ಕೆಲಸ ಗಾಡಿ ಓಡಿಸುವುದು, ಮೈಕು ಹಿಡಿಯುವುದು, ಬಾಯಿ ಮುಚ್ಚುವುದು.

ಚಾಚಾ ಇಷ್ಟೆಲ್ಲ ತಿರುಗುತ್ತಿದ್ದುದು ಹಾಡು ಉಳಿಸಲಿಕ್ಕೆ ಎಂದು ನೀವು ತಿಳಿದಿದ್ದರೆ, ನಾನೂ ಹಾಗೆಯೇ ತಿಳಿದಿದ್ದೆ. ಹಾಡು ಉಳಿಯುವುದು ಬಿಡುವುದು ಅವರಿಗೆ ಆಮೇಲಿನ ಮಾತು. ಅವರಿಗೆ ಬೇಕಾಗಿದ್ದುದು ದಾದಿ ಹೇಳುತ್ತಿದ್ದ ಒಂದೇ ಒಂದು ಬೀಸುವ ಪದದ ಕೊನೆ. ಪಂಚಮಿ ಬಂದಿದೆ, ತಂಗಿಯನ್ನು ತವರಿಗೆ ಕರೆಯಲು ಅಣ್ಣ ಬಂದಿದ್ದಾನೆ, ನಡುವೆ ಭೀಮಾ ಹೊಳೆ.

ಪಂಚಮಿ ಬಂತಂತ ಅಣ್ಣಯ್ಯ ಬಂದಾನ
ಆಚಿ ದಂಡ್ಯಾಗ ನಿಂತಾನ, ಭೀಮವ್ವ
ನಿನ ನೀರು ಎಂದ ಇಳದಾವ?

ದಾದಿ ಯಾವಾಗಲೂ ಇಲ್ಲಿಗೇ ನಿಲ್ಲಿಸುತ್ತಿದ್ದಳಂತೆ. ಜೋಳ ಮುಗಿಯಿತು, ಹಾಡೂ ಮುಗಿಯಿತು ಎಂದುಕೊಂಡಿದ್ದರು ಚಾಚಾ. ಬಡವರ ಮನೆ, ಇನ್ನೆರಡು ಸೇರು ಜೋಳ ಇದ್ದಿದ್ದರೆ ಹುಡುಗಿ ತವರು ಮುಟ್ಟುತ್ತಿದ್ದಳು ಎಂಬುದು ಅವರ ಗಟ್ಟಿ ನಂಬಿಕೆ. ದಾದಿ ಹೋದ ಮೇಲೆ ಕೇಳಲು ಯಾರೂ ಉಳಿಯಲಿಲ್ಲ. ಅದಕ್ಕೇ ಕಂಡಕಂಡ ಮುದುಕಿಯರಿಗೆಲ್ಲ ಈ ನುಡಿ ಹಾಡಿ ತೋರಿಸಿ, ಆ ಹುಡುಗಿ ಹೊಳೆ ದಾಟಿದಳಾ ಎಂದು ಕೇಳುವುದು. ಅದೂ ಹೇಗೆ, ಆಸ್ಪತ್ರೆಯ ಬಾಗಿಲಲ್ಲಿ ನಿಂತವರು ಒಳಗಿನಿಂದ ಬಂದವರನ್ನು ಕೇಳುವ ಹಾಗೆ!

ಉತ್ತರಗಳಿಗೇನೂ ಬರವಿರಲಿಲ್ಲ. ಆಳಂದದ ಕಡೆಯ ಒಬ್ಬಳು, ಹುಡುಗಿ ಎಮ್ಮೆಯ ಬಾಲ ಹಿಡಿದು ದಾಟಿದಳು ಎಂದಳು. ಇನ್ನೊಬ್ಬಳು, ದಾಟಲಿಲ್ಲ, ಅಣ್ಣ ತಂದ ಉಂಡಿಯನ್ನು ಹೊಳೆಯ ಮೀನು ತಿಂದವು ಎಂದಳು. ಯಾವುದೂ ದಾದಿಯ ಧಾಟಿಗೆ ಕೂಡಲಿಲ್ಲ. ಜೇವರ್ಗಿಯ ಹತ್ತಿರದ ಒಂದು ಹಳ್ಳಿಯ ಮುದುಕಿ ಮಾತ್ರ, ಬೀಸಿದರೆ ನೆನಪಾದೀತು, ಸುಮ್ಮನೆ ಕೂತರೆ ಬಾರದು ಎಂದಳು. ಈ ಸಲ ಜೋಳ ಮುಗಿಯಲೇಬಾರದು ಎಂದು ಚಾಚಾ ಒಂದು ಚೀಲವನ್ನೇ ಹೊರಿಸಿಕೊಂಡು ಬಂದರು. ಹೊತ್ತವನು ಯಾರು, ಕೇಳಬೇಡಿ. ಕಲ್ಲಿನ ಎದುರು ಕೂತವನೂ ಅವನೇ. ಮುದುಕಿ ಅಡಿಕೆ ಅಗಿಯುತ್ತ ಸಾಲು ಸಾಲು ಪದ ಹೇಳಿದಳು. ಗಂಡನದು, ಮೈದುನನದು, ಎತ್ತಿನದು, ಹೊಳೆಯದೊಂದು ಬಿಟ್ಟು. ಸಂಜೆ ನನ್ನ ಅಂಗೈ ನೋಡಿ, "ಮಾಸ್ತರ ಕೈ ಚಲೋ ಪಳಗ್ಯಾವ, ನಾಳಿಗೂ ಬರ್ರಿ" ಎಂದಳು. ಆ ತರಿತರಿ ಹಿಟ್ಟಿನ ರೊಟ್ಟಿಯನ್ನು ನಮ್ಮ ಮನೆಯಲ್ಲಿ ಹಬ್ಬ ಕಳೆದು ಹಬ್ಬ ಬರುವವರೆಗೆ ತಿಂದೆವು.

ನಾನೂ ಸುಮ್ಮನಿರಲಿಲ್ಲ. ಸಂಶೋಧಕನಲ್ಲವೇ? ಒಂದು ದೀರ್ಘ ಪ್ರಬಂಧ ಬರೆದೆ. ಆ ಹೊಳೆ ನಿಜವಾದ ಹೊಳೆಯಲ್ಲ, ಹೆಣ್ಣಿನ ಬದುಕಿನ ಸಂಕೇತ. ಹಾಡು ಅರ್ಧಕ್ಕೆ ನಿಂತಿರುವುದು ಒಂದು ಕಾವ್ಯತಂತ್ರ ಎಂದು ಸಾಧಿಸಿದೆ. ಚಾಚಾ ಗುಂಡಿಗೆ ಕಾಜ ಮಾಡುತ್ತ ಪೂರ್ತಿ ಕೇಳಿಸಿಕೊಂಡರು. ಕೊನೆಗೆ, "ಅದೆಲ್ಲಾ ಖರೇ ಇರಬೇಕು ಬೇಟಾ. ಹುಡುಗಿ ದಾಟಿದಳೋ ಇಲ್ಲೋ ಹೇಳು" ಎಂದರು. ನನ್ನ ಪ್ರಬಂಧದಲ್ಲಿ ಅದೊಂದು ಇರಲಿಲ್ಲ.

ಕಳೆದ ಶ್ರಾವಣದಲ್ಲಿ, ಪಂಚಮಿಗೆ ಮೂರು ದಿನ ಇರುವಾಗ, ಗೊಬ್ಬೂರಿನಿಂದ ಒಬ್ಬ ಹೆಣ್ಣುಮಗಳು ಬಟ್ಟೆ ತಂದಳು. ತನಗೆ ಹಾಡು ಬರುವುದಿಲ್ಲ, ಮನೆಯಲ್ಲಿರುವ ತನ್ನ ಅಜ್ಜಿಗೆ ಬರುತ್ತದೆ ಎಂದಳು. ಅಜ್ಜಿ ಯಾವ ಊರಿನವಳು ಎಂದು ಕೇಳಿದರೆ, ನಮ್ಮ ಊರಿನವಳೇ! ದಾದಿಯ ಪಕ್ಕದ ಮನೆಯಲ್ಲಿದ್ದವಳು, ವಯಸ್ಸಾದ ಮೇಲೆ ಮಗಳ ಮನೆ ಸೇರಿದ್ದಳು. ಆಳಂದ ಸುತ್ತಿದೆವು, ಜೇವರ್ಗಿ ಸುತ್ತಿದೆವು, ಪಕ್ಕದ ಮನೆಯವಳು ಎಲ್ಲಿದ್ದಾಳೆ ಎಂದು ಒಮ್ಮೆಯೂ ವಿಚಾರಿಸಿರಲಿಲ್ಲ. ಬಗಲಲ್ಲಿ ಕೂಸು, ಊರೆಲ್ಲ ಹುಡುಕಾಟ! ನನ್ನ ಸಂಶೋಧನಾ ವಿಧಾನದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಅಂದೇ ಹೋದೆವು. ಕಟ್ಟೆಯ ಮೇಲೆ ಕೂತಿದ್ದ ಅಜ್ಜಿಯ ಮುಂದೆ ಚಾಚಾ ಆ ನುಡಿ ಹಾಡಿದರು. ಕೇಳುತ್ತಲೇ ಅವಳು ತಲೆ ಅಲ್ಲಾಡಿಸಿದಳು.

"ಇದು ಯಾವ ಊರ ಪದಾನೂ ಅಲ್ಲಪ್ಪ. ನಿಮ್ಮವ್ವ ತಾನೇ ಕಟ್ಟಿದ್ದು."

ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿನವರು ಬಂದು ಕರೆದೊಯ್ಯುವುದು ವಾಡಿಕೆ. ಹಬ್ಬ ಯಾರದು ಎಂದು ಜೋಕಾಲಿ ಕೇಳುವುದಿಲ್ಲವಾದ್ದರಿಂದ ನಮ್ಮಂಥ ಮುಸಲ್ಮಾನರ ಮನೆಗಳಲ್ಲೂ ಅದು ಇತ್ತು. ದಾದಿ ಮದುವೆಯಾಗಿ ಬಂದ ವರ್ಷ ಅವಳ ಅಣ್ಣ ಕರೆಯಲು ಬಂದಿದ್ದನಂತೆ. ಭೀಮೆ ದಂಡೆ ತುಂಬಿ ಹರಿಯುತ್ತಿದ್ದಳು, ತೆಪ್ಪ ಬಿಡುವವರಿಲ್ಲ. ಆಚೆ ನಿಂತು ಕೈಬೀಸಿ ಬೀಸಿ ಅವನು ಮರಳಿ ಹೋದ. ನೀರಿಳಿದ ಮೇಲೆ ಬರುತ್ತಾನೆ ಎಂದು ಇವಳು ಕಾದಳು. ನೀರಿಳಿಯುವ ಮೊದಲೇ ಅವನು ಜ್ವರದಲ್ಲಿ ಸತ್ತುಹೋದ. ಮುಂದೆ ಕರೆಯಲು ಯಾರೂ ಬರಲಿಲ್ಲ. ಕರೆಯದೆ ತವರಿಗೆ ಹೋಗುವ ಪದ್ಧತಿ ಇಲ್ಲ. ದಾದಿ ಹೋಗಲೇ ಇಲ್ಲ.

"ಮತ್ತ ನಮ್ಮ ಅಮ್ಮಾ ಮುಂದಿಂದ್ಯಾಕ ಹಾಡಲಿಲ್ಲವ್ವ?" ಎಂದರು ಚಾಚಾ.

"ಮುಂದ ಏನಂತ ಅಕಿಗೇ ಗೊತ್ತಿದ್ದಿಲ್ಲ. ಎಲ್ಲಿಂದ ಹಾಡ್ಯಾಳು?"

ಇಷ್ಟು ವರ್ಷ ಜೋಳದ ಮೇಲೆ ತಪ್ಪು ಹೊರಿಸಿದ್ದ ಚಾಚಾ ಕೊರಳಿನ ಟೇಪು ತೆಗೆದು ಸುರುಳಿ ಸುತ್ತತೊಡಗಿದರು. ಬಾಯಿ ಮುಚ್ಚುವುದೇ ನನ್ನ ಕೆಲಸವಾದ್ದರಿಂದ ನಾನು ಮೈಕನ್ನಷ್ಟೇ ಬಂದ್ ಮಾಡಿದೆ. ಆ ಅಣ್ಣನ ಹೆಂಡತಿ ಆಚೆ ದಂಡೆಯ ಊರಲ್ಲಿ ಇನ್ನೂ ಇದ್ದಾಳೆ ಎಂದು ಅಜ್ಜಿಯೇ ಹೇಳಿದಳು. ಎದ್ದು ಗಾಡಿ ಹತ್ತುವಾಗ ಚಾಚಾನ ಮುಖ ನೋಡಲಾಗಲಿಲ್ಲ. ಪಂಚಮಿಗೆ ಹೋಗಿಬರೋಣವೇ ಎಂದು ಕೇಳಿದೆ.

"ಕರೀಲಾರದ ಹ್ಯಾಂಗ ಹೋಗೂದು ಬೇಟಾ?"

ನನ್ನ ಸಂಶೋಧನೆಯ ಬದುಕಿನಲ್ಲಿ ನಾನು ಆಡಿದ ಒಂದೇ ಒಂದು ಉಪಯೋಗದ ಮಾತು ಆಗ ಬಂತು. "ನಾ ಕರೀಲಾಕ ಬಂದೇನಿ, ನಡೀರಿ ಚಾಚಾ."

ಪಂಚಮಿಯ ದಿನ ಸೊನ್ನದ ಬ್ಯಾರೇಜಿನ ಮೇಲಿಂದ ದಾಟಿದೆವು. ಕೆಳಗೆ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ದಾದಿ ಜನ್ಮವಿಡೀ ದಾಟಲಾಗದ ಹೊಳೆಯನ್ನು ನನ್ನ ಹಳೆಯ ಮೋಟಾರ್ ಸೈಕಲ್ಲು ಒಂದು ಬೀಡಿ ಸೇದುವಷ್ಟರಲ್ಲಿ ದಾಟಿಬಿಟ್ಟಿತು. ನನಗೆ ಸಂಕಟವಾಯಿತು, ನಾಚಿಕೆಯೂ ಆಯಿತು. ಹಿಂದೆ ಕೂತ ಚಾಚಾ ನನ್ನ ಹೆಗಲನ್ನು ಗಟ್ಟಿಯಾಗಿ ಹಿಡಿದಿದ್ದರು.

ದಾದಿಯ ತವರಿನ ಹೊಸ್ತಿಲಲ್ಲಿ ಕೂತಿದ್ದ ಮುದುಕಿಗೆ ನಾವು ಯಾರೆಂದು ನಾನೇ ಹೇಳಿದೆ. ಅವಳು ಚಾಚಾನನ್ನು ಹತ್ತಿರ ಕರೆದು, ಮೂಗು ಮುಟ್ಟಿ ನೋಡಿ, ನಾದಿನಿಯದೇ ಮೂಗು ಎಂದಳು. ಮೊಮ್ಮಗಳನ್ನು ಕೂಗಿ ಒಳಗಿನಿಂದ ಹಸಿರು ಬಳೆ, ಒಂದು ಕುಬುಸದ ಕಣದ ಬಟ್ಟೆ ತರಿಸಿದಳು. ತವರಿಗೆ ಬಂದ ಮಗಳಿಗೆ ಕೊಡುವಂಥವು. ಎರಡನ್ನೂ ಆ ದೊಡ್ಡ ಮೀಸೆಯ ಗಂಡಸಿನ ಅಂಗೈಯಲ್ಲಿಟ್ಟು ಮುಚ್ಚಿದಳು. ಬೇರೆ ದಿನವಾಗಿದ್ದರೆ ನಾನು ನಕ್ಕುಬಿಡುತ್ತಿದ್ದೆ.

"ಬಾರವ್ವ," ಎಂದಳು ಅವರಿಗೆ. "ಭಾಳ ತಡಾ ಮಾಡಿದಿ."

ಚಾಚಾ ಅವಳನ್ನು ಮಾಮಿ ಎನ್ನಬೇಕಿತ್ತು. ತಮ್ಮ ತಾಯಿ ಬಂದಿದ್ದರೆ ಹೇಗೆ ಕರೆಯುತ್ತಿದ್ದಳೋ ಹಾಗೆ ಕರೆದರು.

"ಹೊಳಿ ತುಂಬಿತ್ತು, ಭಾಭಿ."

ಮುದುಕಿ ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.